ಆಂಸ್ಟರ್‌ಡ್ಯಾಮಿನ ಅಟ್ಟದ ಚರ್ಚು: ಮೊಣಕಾಲು ಗಟ್ಟಿ ಇರುವಾಗಲೇ ನೋಡಿ ಬನ್ನಿ

ಬೆಳಗಾವಿಯಿಂದ ಮಕ್ಕಳ ಮನೆಗೆಂದು ನೆದರ್‌ಲ್ಯಾಂಡ್ಸ್‌ಗೆ ಹೋಗುವವರಿಗೆ ನನ್ನದೊಂದು ಮಾತು. ಟ್ಯೂಲಿಪ್ ತೋಟ, ಬೋಟು ಎಲ್ಲ ಮುಗಿದ ಮೇಲೆ ‘ಓನ್ಸ್ ಲೀವ ಹೇರ್ ಒಪ್ ಸೋಲ್ಡರ್’ (ಅಟ್ಟದ ಮೇಲಿನ ನಮ್ಮ ಪ್ರೀತಿಯ ಪ್ರಭು) ಮ್ಯೂಸಿಯಂ ಬಿಡಬೇಡಿ. ಇರುವುದು ರೆಡ್ ಲೈಟ್ ಏರಿಯಾದಲ್ಲಿ, ಕಾಲುವೆ ದಂಡೆಗೆ. ಮುಜುಗರ ಅನಿಸಿದರೆ ಬೆಳಿಗ್ಗೆಯೇ ಹೋಗಿ.

ಹೊರಗಿನಿಂದ ಬರೀ ಮನೆ. 1578ರಲ್ಲಿ ಊರಿನ ಆಡಳಿತ ಪ್ರಾಟೆಸ್ಟಂಟರ ಕೈಗೆ ಹೋದ ಮೇಲೆ ಕ್ಯಾಥೊಲಿಕರು ಬಹಿರಂಗವಾಗಿ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಮಾಡುವಂತಿರಲಿಲ್ಲ. ಬೀದಿಗೆ ಕಾಣದಂತೆ ಮನೆಯೊಳಗೆ ಮಾಡಿಕೊಂಡರೆ ಅಧಿಕಾರಿಗಳು ಕಂಡೂ ಕಾಣದಂತಿದ್ದರು. ಯಾನ್ ಹಾರ್ಟ್‌ಮನ್ ಎಂಬ ವ್ಯಾಪಾರಿ 1661ರಲ್ಲಿ ಈ ಮನೆಯನ್ನೂ ಹಿಂದಿನ ಎರಡು ಮನೆಗಳನ್ನೂ ಕೊಂಡು, ಮೂರರ ಮೇಲಂತಸ್ತುಗಳನ್ನು ಒಂದು ಮಾಡಿ, 1663ರ ಹೊತ್ತಿಗೆ ಚರ್ಚು ಮಾಡಿಸಿದ.

ಬೆಳಗಾವಿ ಕ್ಯಾಂಪಿನ ಫಾತಿಮಾ ಕೆಥೆಡ್ರಲ್‌ನಲ್ಲಿ ಗಂಟೆ ಕೇಳಿಸಿಕೊಂಡು ಬೆಳೆದವಳು ನಾನು. ಮೆಟ್ಟಿಲು ಹತ್ತಿ ಆ ಬಾಗಿಲು ದಾಟಿದಾಗ ಮಾತೇ ಹೊರಡಲಿಲ್ಲ. ತಿಳಿ ಗುಲಾಬಿ ಬಣ್ಣದ ಮರಗೆಲಸ, ಎರಡು ಅಂತಸ್ತಿನ ಗ್ಯಾಲರಿ, 1794ರ ಆರ್ಗನ್, ಪೂಜೆ ಅರ್ಪಿಸುವ ಪೀಠದ ಮೇಲೆ ಯಾಕೋಬ್ ದ ವಿಟ್ ಬಿಡಿಸಿದ ಯೇಸುವಿನ ಸ್ನಾನದೀಕ್ಷೆಯ (ಬ್ಯಾಪ್ಟಿಸಂ) ಚಿತ್ರ. ಇಷ್ಟೆಲ್ಲ ಒಂದು ಮನೆಯ ಸೂರಿನಡಿ!

ಖಾನಾಪುರದಲ್ಲಿ ಫರ್ನಿಚರ್ ಮಾಡಿಸುವ ನಮ್ಮವರು ಮಾತ್ರ ಪ್ರವಚನ ವೇದಿಕೆಯ ಮುಂದೆಯೇ ನಿಂತುಬಿಟ್ಟರು. ಮಹಾಗನಿ ಮರದ್ದು. ಜಾಗ ಸಾಲದೆಂದು ಪೀಠದ ಬುಡದೊಳಗೆ ಮಡಚಿ ಇಡುವಂತೆ ಮಾಡಿದ್ದಾರೆ. ಪ್ರವಚನದ ಹೊತ್ತಿಗೆ ಹೊರಗೆ, ಮುಗಿದೊಡನೆ ಒಳಗೆ. ಬಿಜಾಗರಿ ಎಲ್ಲಿದೆ ಎಂದು ಬಗ್ಗಿ ಬಗ್ಗಿ ಹುಡುಕಿದರು. “ಇದನ್ನ ಮಾಡಿದ ಬಡಿಗ್ಯಾನ ಕೈಗೆ ನಮಸ್ಕಾರ ಮಾಡ್ಬೇಕು” ಅಂದರು.

ನನ್ನ ಮನಸ್ಸು ನಿಂತಿದ್ದು ಚರ್ಚಿನ ಗುರುಗಳ (ಪಾದ್ರಿಗಳ) ಕೋಣೆಯಲ್ಲಿ. ಗೋಡೆಯ ಗೂಡಿನೊಳಗೊಂದು ಹಾಸಿಗೆ, ಕಾಲು ಚಾಚಲೂ ಆಗದಷ್ಟು ಚಿಕ್ಕದು. ಆ ಇಕ್ಕಟ್ಟಿನಲ್ಲಿ ಮಲಗೆದ್ದು ಜನರಿಗೆ ಬಲಿಪೂಜೆ ಅರ್ಪಿಸಿದವರನ್ನು ನೆನೆದರೆ ಕರುಳು ಚುರುಕ್ಕೆನ್ನುತ್ತದೆ.

1887ರಲ್ಲಿ ಹತ್ತಿರದಲ್ಲೇ ಸೇಂಟ್ ನಿಕೋಲಸ್ ಚರ್ಚು ಎದ್ದಿತು, ಪೂಜೆ ಅಲ್ಲಿಗೆ ಹೋಯಿತು, ಮರುವರ್ಷ ಇದು ಮ್ಯೂಸಿಯಂ ಆಯಿತು. ಈಗಲೂ ಆಗೊಮ್ಮೆ ಈಗೊಮ್ಮೆ ಇಲ್ಲಿ ಪೂಜೆ ನಡೆಯುತ್ತದೆ.

ಟಿಕೆಟ್ಟು, ಕೆಫೆ ಎಲ್ಲ 2015ರಲ್ಲಿ ತೆರೆದ ಪಕ್ಕದ ಕಟ್ಟಡದಲ್ಲಿ. ಅಲ್ಲಿಂದ ನೆಲದಡಿಯ ದಾರಿಯಲ್ಲಿ ಹಳೆಯ ಮನೆಗೆ ಹೋಗಬೇಕು. ಹೊಸ ಕಟ್ಟಡದಲ್ಲಿ ಹೊತ್ತು ಕಳೆಯಬೇಡಿ. ಆಡಿಯೋ ಗೈಡ್ ತಪ್ಪದೆ ತಗೊಳ್ಳಿ. ಕನ್ನಡ ಇಲ್ಲ, ಇಂಗ್ಲಿಷ್ ಸರಳವಾಗಿದೆ. ಮೆಟ್ಟಿಲು ಕಡಿದು, ಇಕ್ಕಟ್ಟು. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ, ಸೀರೆಯಾದರೆ ನೆರಿಗೆ ಎತ್ತಿ ಹಿಡಿದೇ ಹತ್ತಿ. ಒಂದೂವರೆ ತಾಸಾದರೂ ಇಟ್ಟುಕೊಂಡು ಹೋಗಿ.