ಐರ್ಲೆಂಡಿನಲ್ಲಿ ಲಿಫ್ಟ್ ಕೇಳಿಕೊಂಡು ಸುತ್ತಿ, ಗೊತ್ತಿಲ್ಲದವರ ಮನೆಯಲ್ಲಿ ಉಳಿಯುವವರು ಇದನ್ನೊಮ್ಮೆ ಓದಿ

ಹೋದ ವಾರ ಇಬ್ಬರು ಜೂನಿಯರ್ ಹುಡುಗಿಯರು ನನ್ನ ರೂಮಿಗೆ ಬಂದಿದ್ದರು. "ಅಕ್ಕಾ, ಕಾನೆಮಾರಾ ಕಡೆ ಲಿಫ್ಟ್ ತಗೊಂಡು ಹೋಗ್ತಿದೀವಿ. ರಾತ್ರಿ ಉಳಿಯೋಕೆ ಒಬ್ಬರ ಮನೆ ಸಿಕ್ಕಿದೆ, ದುಡ್ಡೂ ಕೊಡಬೇಕಿಲ್ಲ" ಅಂದರು. ಕಾನೆಮಾರಾ ಅಂದರೆ ಐರ್ಲೆಂಡಿನ ಪಶ್ಚಿಮದ ಬೆಟ್ಟ, ಜೌಗಿನ ಸೀಮೆ, ಕ್ಲಿಫ್ಡನ್ ಅಲ್ಲಿಯ ಒಂದು ಊರು. ಮನೆ ಎಲ್ಲಿ ಅಂತ ಕೇಳಿದೆ. "ಕ್ಲಿಫ್ಡನ್ ಹತ್ತಿರ ಎಲ್ಲೋ. ಅವರೇ ಬಂದು ಕರ್ಕೊಂಡು ಹೋಗ್ತಾರಂತೆ." ಆ ಮಾತು ಕೇಳಿ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. 2024ರ ಅಕ್ಟೋಬರಿನಲ್ಲಿ ನಮಗೂ ಇದನ್ನೇ ಹೇಳಿದ್ದರು. ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಿಡಬೇಕಿತ್ತು. ಈಗ ಬರೆಯುತ್ತಿದ್ದೇನೆ.

ನಾನು ಹಾಸನದವಳು, ಗೆಳತಿ ಹುಬ್ಬಳ್ಳಿಯವಳು. ಇಬ್ಬರೂ ಪಶ್ಚಿಮ ಐರ್ಲೆಂಡಿನ ಗಾಲ್ವೇ ನಗರದಲ್ಲಿ ಓದುತ್ತಿದ್ದೆವು. ಇಲ್ಲಿ ಅಕ್ಟೋಬರಿನ ಕೊನೆಯ ಸೋಮವಾರ ರಜೆ. ಮೂರು ದಿನ ಸಿಗುತ್ತದೆ ಅಂತ ಪ್ಲಾನ್ ಹಾಕಿದೆವು. ಶನಿವಾರ ಕ್ಲಿಫ್ಡನ್, ಭಾನುವಾರ ಲೀನಾನ್ ದಾಟಿ ವೆಸ್ಟ್‌ಪೋರ್ಟ್, ಸೋಮವಾರ ವಾಪಸ್. ಎಲ್ಲ ಎನ್59 ರಸ್ತೆಯಲ್ಲೇ. ಕೈಯಲ್ಲಿ ದುಡ್ಡು ಕಮ್ಮಿ ಇತ್ತು, ಬಾಡಿಗೆ ಕಟ್ಟಿ ಉಳಿದದ್ದು ಅಷ್ಟೇ.

ಲಿಫ್ಟ್ ಕೊಟ್ಟವರ ಬಗ್ಗೆ ನನಗೆ ಒಂದು ದೂರೂ ಇಲ್ಲ. ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಗಾಲ್ವೇಯಿಂದ ಕ್ಲಿಫ್ಡನ್‌ಗೆ ಸುಮಾರು 80 ಕಿಲೋಮೀಟರ್. ಮೂರು ಕಾರು ಬದಲಾಯಿಸಿದೆವು. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಒಬ್ಬ ನರ್ಸ್ ಹತ್ತಿಸಿಕೊಂಡು ಊಕ್ಟರಾರ್ಡ್ ತನಕ ಬಿಟ್ಟರು. ಅಲ್ಲಿಂದ ಮಾಮ್ ಕ್ರಾಸ್‌ಗೆ ಇನ್ನೊಬ್ಬರು. ಕೊನೆಯವರು ಕುರಿ ಸಾಕುವ ಯಜಮಾನರು. ಕಾರಿನ ತುಂಬ ಕುರಿ ಮೇವಿನ ವಾಸನೆ. ಇಂಡಿಯಾ ಅಂದ ತಕ್ಷಣ ಅವರು ಕೇಳಿದ್ದು ರಣಜಿ ಬಗ್ಗೆ. ನವಾನಗರದ ಮಹಾರಾಜ, ಕ್ರಿಕೆಟ್ ಆಟಗಾರ ರಣಜಿತ್‌ಸಿಂಹಜಿ 1924ರಲ್ಲಿ ಇದೇ ದಾರಿಯ ಹತ್ತಿರ ಬ್ಯಾಲಿನಹಿಂಚ್ ಕೋಟೆಮನೆಯನ್ನು ಕೊಂಡಿದ್ದರು. ಆ ಕಡೆ ಜನರಿಗೆ ಅದು ಇನ್ನೂ ನೆನಪಿದೆ. ನಮಗೆ ಎಷ್ಟು ಖುಷಿಯಾಯಿತು ಅಂದರೆ, ಈ ಊರಲ್ಲಿ ಎಲ್ಲರೂ ಇಂಥವರೇ ಅಂದುಕೊಂಡುಬಿಟ್ಟೆವು.

ತಪ್ಪಿದ್ದು ಅಲ್ಲೇ. ಹಗಲಿನ ಲಿಫ್ಟ್ ಬೇರೆ, ರಾತ್ರಿಯ ಮನೆ ಬೇರೆ. ಕಾರಿನಲ್ಲಿ ಇರಿಸುಮುರಿಸಾದರೆ ಮುಂದಿನ ಪೆಟ್ರೋಲ್ ಬಂಕಿನಲ್ಲಿ ಇಳಿಸಿ ಅನ್ನಬಹುದು. ಮನೆಯಿಂದ ಎಲ್ಲಿಗೆ ಇಳಿಯುತ್ತೀರಿ?

ನಾವು ಮನೆ ಹುಡುಕಿದ್ದು ಪ್ರವಾಸಿಗಳಿಗೆ ಪುಕ್ಕಟೆ ಜಾಗ ಕೊಡುವ ಒಂದು ವೆಬ್‌ಸೈಟಿನಲ್ಲಿ. ಹೆಸರು ಇಲ್ಲಿ ಹಾಕುತ್ತಿಲ್ಲ. ಆ ಮನುಷ್ಯನ ಪ್ರೊಫೈಲಿನಲ್ಲಿ ಹದಿನಾಲ್ಕು ರಿವ್ಯೂ ಇದ್ದವು, ಎಲ್ಲವೂ ಒಳ್ಳೆಯವೇ. ಎಲ್ಲ ಓದಿದ್ದೆವು, ಆದರೆ ಸರಿಯಾಗಿ ಓದಿರಲಿಲ್ಲ. ಹದಿಮೂರು ಬರೆದವರು ಗಂಡಸರು ಅಥವಾ ಗಂಡಹೆಂಡತಿ. ಒಬ್ಬಳೇ ಒಬ್ಬಳು ಹುಡುಗಿ. ಅವಳು ಬರೆದದ್ದು ಬೆಟ್ಟದ ಬಗ್ಗೆ, ಸಮುದ್ರದ ಬಗ್ಗೆ, ನಾಯಿಯ ಬಗ್ಗೆ. ಮನೆಯವನ ಬಗ್ಗೆ ಒಂದಕ್ಷರ ಇಲ್ಲ. ಇಂಥ ಸೈಟ್‌ಗಳಲ್ಲಿ ನಾವು ಅವರ ಬಗ್ಗೆ ಬರೆದಂತೆ ಅವರೂ ನಮ್ಮ ಬಗ್ಗೆ ಬರೆಯುತ್ತಾರೆ. ಕೆಟ್ಟದ್ದು ಬರೆದರೆ ನಮ್ಮ ಹೆಸರಿಗೂ ಕೆಟ್ಟದ್ದು ಬೀಳುತ್ತದೆ ಅಂತ ಜಾಸ್ತಿ ಜನ ಬರೆಯುವುದೇ ಇಲ್ಲ. ಆಮೇಲೆ ಗೆಳತಿ ಆ ಹುಡುಗಿಗೆ ಮೆಸೇಜ್ ಮಾಡಿದಳು. "ನಾನೂ ಬೆಳಗಾಗುವ ಮೊದಲೇ ಹೊರಟುಬಿಟ್ಟೆ" ಅಂತ ಉತ್ತರ ಬಂತು. ದಯವಿಟ್ಟು ರಿವ್ಯೂ ಓದುವಾಗ ಯಾರು ಬರೆದಿದ್ದಾರೆ, ಏನನ್ನು ಬರೆಯದೆ ಬಿಟ್ಟಿದ್ದಾರೆ ಅಂತ ನೋಡಿ.

ಸಂಜೆ ಐದೂವರೆಗೆ ಆತ ಕ್ಲಿಫ್ಡನ್ ಚೌಕಕ್ಕೆ ಕಾರು ತಂದ. ಐವತ್ತರ ಆಸುಪಾಸಿನವ, ಮಾತು ಮೃದು. "ಹತ್ತೇ ನಿಮಿಷ" ಅಂದಿದ್ದ. ಇಪ್ಪತ್ತೈದು ನಿಮಿಷ ಹೋದೆವು. ಡಾಂಬರು ರಸ್ತೆ ಬಿಟ್ಟು ಬೊರೀನ್ ಹಿಡಿದ. ಬೊರೀನ್ ಅಂದರೆ ಕಾರೊಂದು ಹೋಗುವಷ್ಟು ಅಗಲದ ದಾರಿ, ಎರಡು ಚಕ್ರದ ಜಾಡು, ನಡುವೆ ಹುಲ್ಲು. ನಮ್ಮಲ್ಲಿ ತೋಟಕ್ಕೆ ಹೋಗುವ ಗಾಡಿ ದಾರಿ ಇರುತ್ತಲ್ಲ, ಹಾಗೆ. ಅರ್ಧ ದಾರಿಗೇ ಫೋನಿನ ಸಿಗ್ನಲ್ ಹೋಯಿತು. ಮನೆ ತಲುಪಿದಾಗ ವೈಫೈ ಕೇಳಿದೆವು. "ಕೆಟ್ಟಿದೆ" ಅಂದ.

ಹೋದ ತಕ್ಷಣ ಶೆಡ್ಡಿನಲ್ಲಿ ಟರ್ಫ್ ಜೋಡಿಸಿ ಅಂದ. ಟರ್ಫ್ ಅಂದರೆ ಜೌಗು ನೆಲದಿಂದ ಕತ್ತರಿಸಿ ಒಣಗಿಸಿದ ಇಟ್ಟಿಗೆಯಂಥ ಮಣ್ಣು, ಬೆರಣಿಯ ಹಾಗೆ ಒಲೆಗೆ ಹಾಕುತ್ತಾರೆ. ಉಳಿಯಲು ಜಾಗ ಕೊಟ್ಟಿದ್ದಾನೆ ಅಂತ ಎರಡು ಗಂಟೆ ಮಳೆಯಲ್ಲಿ ಮಾಡಿದೆವು. ವಿಸಿಟ್ ವೀಸಾದಲ್ಲಿ ಬಂದವರು ಇದನ್ನು ಗಮನಿಸಿ: ಸಂಬಳ ಇದ್ದರೂ ಇಲ್ಲದಿದ್ದರೂ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. ಊಟಕ್ಕೆ ಬದಲು ಕೆಲಸ ಅನ್ನುವುದೂ ಕೆಲಸವೇ.

ಶೂ ಒದ್ದೆಯಾಗಿದ್ದವು. ಆತ ತಾನೇ ಎತ್ತಿಕೊಂಡು ಹೋಗಿ ಹಿಂದಿನ ಕೋಣೆಯ ಒಲೆಯ ಹತ್ತಿರ ಇಟ್ಟ. ಒಳ್ಳೆಯವನು ಅಂದುಕೊಂಡೆವು. ಊಟಕ್ಕೆ ಆಲೂಗಡ್ಡೆ ಸೂಪು ಮಾಡಿದ್ದ. ಆಮೇಲೆ ಬಾಟಲಿ ತೆಗೆದ. ನಾವು ಬೇಡ ಅಂದೆವು, ಆತ ಕುಡಿಯುತ್ತಾ ಹೋದ. ಒಂಬತ್ತಾದ ಮೇಲೆ ಮಾತಿನ ಧಾಟಿ ಬದಲಾಯಿತು. ಗೆಸ್ಟ್ ರೂಮಿನ ಮಾಡು ಸೋರುತ್ತಿದೆಯಂತೆ. ಒಬ್ಬಳು ಸೋಫಾದ ಮೇಲೆ, ಒಬ್ಬಳು ತನ್ನ ಕೋಣೆಯಲ್ಲಿ ಮಲಗಬಹುದಂತೆ. ಇಬ್ಬರೂ ನೆಲದ ಮೇಲೆ ಇಲ್ಲೇ ಮಲಗುತ್ತೇವೆ ಅಂದೆ. "ನನ್ನ ಮನೆಗೆ ಬಂದು ನನ್ನನ್ನೇ ನಂಬಲ್ವಾ?" ಅಂತ ಶುರು ಮಾಡಿದ. ಊರಿಗೆ ವಾಪಸ್ ಬಿಡಿ ಅಂದರೆ, ಕುಡಿದಿದ್ದೇನೆ, ಕಾರು ಓಡಿಸುವ ಹಾಗಿಲ್ಲ ಅಂದ.

ಗೆಳತಿ ನನ್ನ ಕಡೆ ತಿರುಗಿ ಮೆಲ್ಲಗೆ, "ಏ, ಇಲ್ಲಿ ಬ್ಯಾಡ. ನಡಿ, ಹೋಗೂಣು" ಅಂದಳು. ಆತ ಮೇಜು ಗುದ್ದಿ, ನನ್ನ ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ಅಂತ ಕೂಗಿದ. ಆ ಹೊತ್ತಿಗೆ ನಮ್ಮ ಹತ್ತಿರ ಇದ್ದ ಒಂದೇ ಬಲ ಕನ್ನಡ. "ಬ್ಯಾಗ್ ನಾ ತಗೋತೀನಿ, ನೀ ಶೂ ತಾ" ಅಂದಳು. ಹಿಂದಿನ ಕೋಣೆಗೆ ಓಡಿ ಶೂ ತಂದೆ. ಇನ್ನೂ ಒದ್ದೆ. ಕೈ ನಡುಗಿ ಲೇಸ್ ಕಟ್ಟಲು ಆಗಲಿಲ್ಲ, ಹಾಗೇ ಒಳಗೆ ತುರುಕಿದೆ. ಆತ ಬಾಗಿಲಿಗೆ ಅಡ್ಡ ನಿಂತ. ಎಷ್ಟು ಹೊತ್ತು ನಿಂತನೋ, ಒಂದು ನಿಮಿಷವೂ ಇರಲಿಕ್ಕಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, "ಹೋಗಿ, ಈ ಕತ್ತಲಲ್ಲಿ ಯಾರು ಹತ್ತಿಸಿಕೊಳ್ಳುತ್ತಾರೆ ನೋಡೋಣ" ಅಂದ.

ಯಾರೂ ಹತ್ತಿಸಿಕೊಳ್ಳಲಿಲ್ಲ. ಕಾರೇ ಬರಲಿಲ್ಲ. ಸೂರ್ಯ ಆರೂಕಾಲಿಗೇ ಮುಳುಗಿದ್ದ. ಬೀದಿ ದೀಪ ಒಂದೂ ಇಲ್ಲ. ನನ್ನ ಫೋನಿನಲ್ಲಿ 18 ಪರ್ಸೆಂಟ್ ಚಾರ್ಜು. ಟಾರ್ಚ್ ಹಾಕಿದರೆ ಎರಡೂ ಕಡೆ ಕುರಿಗಳ ಕಣ್ಣು ಹೊಳೆಯುತ್ತಿದ್ದವು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಮುಕ್ಕಾಲು ಗಂಟೆ ನಡೆದ ಮೇಲೆ ಒಂದು ಕಿಟಕಿಯಲ್ಲಿ ಬೆಳಕು ಕಾಣಿಸಿತು. ಇನ್ನೊಂದು ಅಪರಿಚಿತ ಮನೆಯ ಬಾಗಿಲು ತಟ್ಟುವಷ್ಟು ಧೈರ್ಯ ನನಗಿರಲಿಲ್ಲ, ಗೆಳತಿಯೇ ತಟ್ಟಿದಳು. ಅಜ್ಜಿಯೊಬ್ಬರು ಪರದೆ ಸರಿಸಿ ನೋಡಿ, ಬಾಗಿಲು ತೆರೆದು, ಒಂದೂ ಪ್ರಶ್ನೆ ಕೇಳದೆ ಒಳಗೆ ಕೂರಿಸಿ ಟೀ ಇಟ್ಟರು. ಆಮೇಲೆ ಯಾವ ಮನೆಯಿಂದ ಬಂದಿರಿ ಅಂತ ಕೇಳಿದರು. ಹೇಳಿದೆವು. ಅಜ್ಜಿ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಒಲೆಗೆ ಇನ್ನೆರಡು ಟರ್ಫ್ ಹಾಕಿದರು. ಆಮೇಲೆ ಲ್ಯಾಂಡ್‌ಲೈನಿನಿಂದ ಮಗನಿಗೆ ಫೋನ್ ಮಾಡಿದರು. ಆತ ಬಂದು ನಮ್ಮನ್ನು ಕ್ಲಿಫ್ಡನ್‌ನ ಒಂದು ಬಿ ಆ್ಯಂಡ್ ಬಿಗೆ, ಅಂದರೆ ದುಡ್ಡಿಗೆ ರೂಮು, ಬೆಳಗಿನ ತಿಂಡಿ ಕೊಡುವ ಮನೆಗೆ, ಬಿಟ್ಟ. ರಜೆಯ ವಾರ, ಉಳಿದಿದ್ದು ಒಂದೇ ರೂಮು, 110 ಯೂರೋ. ಮೊದಲೇ ಹಾಸ್ಟೆಲಿನಲ್ಲಿ ಬೆಡ್ ಹಿಡಿದಿದ್ದರೆ ಇದರ ಅರ್ಧದಲ್ಲಿ ಮುಗಿಯುತ್ತಿತ್ತು.

ನಾವು ಮಾಡಬೇಕಿದ್ದ ಕೆಲಸ ದೊಡ್ಡದೇನಲ್ಲ. ಮನೆಯ ಐರ್‌ಕೋಡ್ ಕೇಳಬೇಕಿತ್ತು. ಇಲ್ಲಿ ಹಳ್ಳಿ ಮನೆಗಳಿಗೆ ನಂಬರೂ ಇರುವುದಿಲ್ಲ, ಬೀದಿ ಹೆಸರೂ ಇರುವುದಿಲ್ಲ. 2015ರಿಂದ ಪ್ರತಿ ಮನೆಗೂ ಏಳು ಅಕ್ಷರ ಮತ್ತು ಅಂಕಿಗಳ ಬೇರೆ ಬೇರೆ ಐರ್‌ಕೋಡ್ ಇದೆ. ಅದನ್ನು ಮ್ಯಾಪಿನಲ್ಲಿ ಹಾಕಿದರೆ ನೇರ ಆ ಮನೆಯ ಬಾಗಿಲು ತೋರಿಸುತ್ತದೆ. ಊರು ಎಷ್ಟು ದೂರ, ಬಸ್ ಎಲ್ಲಿ ನಿಲ್ಲುತ್ತದೆ, ಪಕ್ಕದ ಮನೆ ಎಲ್ಲಿದೆ ಅಂತ ಹೊರಡುವ ಮೊದಲೇ ಗೊತ್ತಾಗುತ್ತದೆ. ಸ್ನೇಹಿತರಿಗೆ ಕಳಿಸಿಡಬಹುದು. ಐರ್‌ಕೋಡ್ ಕೊಡಲು ಹಿಂದೆಮುಂದೆ ನೋಡುವವರ ಮನೆಗೆ ಹೋಗಬೇಡಿ. ಅವರೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದರೂ ಕೇಳಿ.

ಇನ್ನೊಂದು, 112 ಅಥವಾ 999ಕ್ಕೆ ಫೋನ್ ಮಾಡಬೇಕಿತ್ತು. ನಾವು ಮಾಡಲಿಲ್ಲ. ಏನೂ ಆಗಿಲ್ಲವಲ್ಲ, ಪೊಲೀಸರಿಗೆ ಏನಂತ ಹೇಳುವುದು ಅನ್ನಿಸಿತ್ತು. ಬಾಗಿಲಿಗೆ ಅಡ್ಡ ನಿಂತದ್ದೇ ಸಾಕು, ಅದನ್ನೇ ಹೇಳಬಹುದಿತ್ತು. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಎಮರ್ಜೆನ್ಸಿ ಕಾಲ್ ಅದರಲ್ಲಿ ಹೋಗುತ್ತದೆ. ನಮ್ಮ ವೀಸಾಗೆ ತೊಂದರೆಯಾಗುತ್ತದೆ ಅನ್ನುವ ಹೆದರಿಕೆಯೂ ಒಳಗೊಳಗೆ ಇತ್ತು. ಕಷ್ಟದಲ್ಲಿ ಗಾರ್ಡಾಗಳನ್ನು, ಅಂದರೆ ಇಲ್ಲಿಯ ಪೊಲೀಸರನ್ನು, ಕರೆಯುವುದು ತಪ್ಪಲ್ಲ. ಇದನ್ನು ಹೊಸದಾಗಿ ಬಂದ ಎಲ್ಲ ಹುಡುಗಿಯರಿಗೂ ಹೇಳಿ.

ಭಾನುವಾರ ವೆಸ್ಟ್‌ಪೋರ್ಟ್ ಆಸೆ ಬಿಟ್ಟು ಬಸ್ಸಿಗೆ ಗಾಲ್ವೇಗೆ ವಾಪಸಾದೆವು. ಅವತ್ತು ಬೆಳಗಿನ ಜಾವ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು. ಪ್ರತಿ ವರ್ಷ ಅಕ್ಟೋಬರಿನ ಕೊನೆಯ ಭಾನುವಾರ ಹಾಗಾಗುತ್ತದೆ. ಹಿಂದಿನ ದಿನ ಆರೂಕಾಲಿಗೆ ಮುಳುಗಿದ ಸೂರ್ಯ ಅವತ್ತು ಐದೂಕಾಲಿಗೇ ಮುಳುಗಿದ. ಪ್ಲಾನ್ ಹಾಕುವಾಗ ಇದು ನಮ್ಮ ತಲೆಗೇ ಬಂದಿರಲಿಲ್ಲ. ಡಿಸೆಂಬರಿನಲ್ಲಿ ಇನ್ನೂ ಬೇಗ, ನಾಲ್ಕು ದಾಟುತ್ತಲೇ ಮಬ್ಬು. ಕತ್ತಲಾದ ಮೇಲೆ ಲಿಫ್ಟ್ ನಂಬಿ ರಸ್ತೆಗೆ ಇಳಿಯಬೇಡಿ. ಎಂ ಅಕ್ಷರದ ಮೋಟರ್‌ವೇಗಳಲ್ಲಂತೂ ಹಗಲಲ್ಲೂ ನಿಲ್ಲುವ ಹಾಗಿಲ್ಲ, ಕಾನೂನೇ ಬಿಡುವುದಿಲ್ಲ.

ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್ ಕಡೆ ಹೋಗುವವರಿಗೆ ಇನ್ನೊಂದು ಅಪಾಯ ಇದೆ. ಡಬ್ಲಿನ್‌ನಿಂದ ಮೊನಘನ್ ಮೇಲೆ ಅಲ್ಲಿಯ ಲೆಟರ್‌ಕೆನ್ನಿ ಊರಿಗೆ ಹೋಗುವ ಮುಖ್ಯ ದಾರಿ ನಡುವೆ ಓಮಾ, ಸ್ಟ್ರಬೇನ್ ಊರುಗಳನ್ನು ದಾಟುತ್ತದೆ. ಅವು ನಾರ್ದರ್ನ್ ಐರ್ಲೆಂಡಿನಲ್ಲಿವೆ, ಅಂದರೆ ಬ್ರಿಟನ್ ಆಡಳಿತದಲ್ಲಿ. ಗಡಿಯಲ್ಲಿ ಗೇಟೂ ಇಲ್ಲ, ಚೆಕ್‌ಪೋಸ್ಟೂ ಇಲ್ಲ. ರಸ್ತೆ ಬದಿಯ ವೇಗದ ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾದಾಗ ಮಾತ್ರ ಗೊತ್ತಾಗುತ್ತದೆ. ನಮ್ಮ ಐರಿಶ್ ಸ್ಟೂಡೆಂಟ್ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ, ಇಂಡಿಯಾ ಪಾಸ್‌ಪೋರ್ಟಿಗೆ ಬ್ರಿಟನ್ ವೀಸಾ ಬೇಕು. ಲಿಫ್ಟ್ ಕೊಡುವವರಿಗೆ ಇದು ಗೊತ್ತೇ ಇರುವುದಿಲ್ಲ, ಅವರಿಗೆ ಅದು ದಿನಾ ಓಡಾಡುವ ರಸ್ತೆ. ಬಸ್ಸು ನಿಲ್ಲಿಸಿ ದಾಖಲೆ ಕೇಳುವುದೂ ಉಂಟು. ಹತ್ತುವ ಮೊದಲು ಎಲ್ಲಿಗೆ ಅಂತ ಕೇಳಿದರೆ ಸಾಲದು, ಯಾವ ದಾರಿಯಲ್ಲಿ ಅಂತಲೂ ಕೇಳಿ.

ನಾವು ವೆಬ್‌ಸೈಟಿಗೆ ದೂರು ಕೊಟ್ಟೆವು, ರಿವ್ಯೂ ಹಾಕಿದೆವು. ಆತ ನಮ್ಮ ಬಗ್ಗೆ, "ಮರ್ಯಾದೆ ಗೊತ್ತಿಲ್ಲದ ಹುಡುಗಿಯರು" ಅಂತ ಬರೆದ. ಬರೆಯಲಿ. ದೂರಿಗೆ ಒಂದು ಸಿದ್ಧ ಉತ್ತರ ಬಂತು, ಅಷ್ಟೇ. ಆ ಪ್ರೊಫೈಲ್ ಇವತ್ತೂ ಇದೆ, ನಿನ್ನೆ ರಾತ್ರಿ ನೋಡಿದೆ. ನಮ್ಮ ರಿವ್ಯೂ ಕೆಳಗೆ ಹೋಗಿದೆ, ಮೇಲೆ ಹೊಸದು ಮೂರು ಬಂದಿವೆ. ನಮ್ಮ ಹುಡುಗಿಯರು ಯಾರಾದರೂ ಕ್ಲಿಫ್ಡನ್ ಕಡೆ ಉಳಿಯಲು ಮನೆ ನೋಡುತ್ತಿದ್ದರೆ, ಹೂಂ ಅನ್ನುವ ಮೊದಲು ನನಗೊಂದು ಮೆಸೇಜ್ ಹಾಕಿ. ಅದೇ ಮನೆಯೋ ಅಲ್ಲವೋ ಅಂತ ಹೇಳುತ್ತೇನೆ. ಎಷ್ಟು ಹೊತ್ತಿಗಾದರೂ ಪರವಾಗಿಲ್ಲ.