350 ರೂಪಾಯಿಯ ಗಾಗಲ್ಸ್, ಮಾರ್ಕ್ ಸ್ಪಿಟ್ಜ್‌ನ ನೆನಪು

ನಾನು ಈಜು ಕಲಿತಿದ್ದು ತೀರ್ಥಹಳ್ಳಿ ಹತ್ತಿರ, ಅಜ್ಜನ ತೋಟದ ಕೆರೆಯಲ್ಲಿ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ಮಾವ ನೀರಿಗೆ ದೂಡಿದ್ದರು. ಆ ನೀರಲ್ಲಿ ಕಣ್ಣು ಉರಿದದ್ದೇ ಇಲ್ಲ. ಈಗ ಶಿವಮೊಗ್ಗದಲ್ಲಿ ಬೆಳಿಗ್ಗೆ ಈಜುಕೊಳಕ್ಕೆ ಹೋಗುತ್ತೇನೆ. ಅಲ್ಲಿ ಕ್ಲೋರಿನ್. ಹತ್ತು ಸುತ್ತಿಗೇ ಕಣ್ಣು ಕೆಂಪು, ಸಂಜೆ ಬೀದಿ ದೀಪದ ಸುತ್ತ ಬಣ್ಣದ ಬಳೆ!

ನೆಹರು ರಸ್ತೆಯಲ್ಲಿ 350 ರೂಪಾಯಿಗೆ ಈಜುವಾಗ ಹಾಕುವ ಗಾಗಲ್ಸ್ ತಂದೆ. ಅಂಗಡಿಯವರು ಪಟ್ಟಿ ಹಾಕದೆ ಸುಮ್ನೆ ಕಣ್ಣಿಗೆ ಒತ್ತಿ ನೋಡಲು ಹೇಳಿದರು. ಕೈ ಬಿಟ್ಟರೂ ಒಂದೆರಡು ಕ್ಷಣ ಅಂಟಿ ನಿಂತರೆ ಅದು ನಿಮ್ಮ ಮುಖಕ್ಕೆ ಸರಿ. ನಾಲ್ಕನೆಯದು ನಿಂತಿತು. ಮೂರು ತಿಂಗಳಾಯಿತು, ಒಂದು ಹನಿ ನೀರು ಒಳಗೆ ಬಂದಿಲ್ಲ. ಹತ್ತು ಸುತ್ತು ಈಗ ನಲವತ್ತಾಗಿದೆ.

ಹಾಕಿಕೊಂಡಾಗಲೆಲ್ಲ ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ ನೆನಪಾಗುತ್ತಾನೆ. ಹೈಸ್ಕೂಲಿನಲ್ಲಿದ್ದಾಗ ಹಳೇ ಪತ್ರಿಕೆಯೊಂದರಲ್ಲಿ ಅವನ ಫೋಟೊ ನೋಡಿದ್ದೆ. ದಪ್ಪ ಮೀಸೆ, ಕೊರಳಲ್ಲಿ ಏಳು ಚಿನ್ನ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಆರು ಚಿನ್ನ ಗೆಲ್ಲುತ್ತೇನೆ ಅಂದಿದ್ದ ಹುಡುಗ. ಸಿಕ್ಕಿದ್ದು ಎರಡು, ಅವೂ ರಿಲೇಯಲ್ಲಿ. 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಕೊನೆಯವನಾದ. ಆಮೇಲೆ ಇಂಡಿಯಾನಾ ಯೂನಿವರ್ಸಿಟಿ ಸೇರಿ, ಕೋಚ್ ಡಾಕ್ ಕೌನ್ಸಿಲ್‌ಮನ್ ಕೈಯಲ್ಲಿ ಪಳಗಿದ. 1972ರಲ್ಲಿ ಮ್ಯೂನಿಕ್‌ನಲ್ಲಿ ಏಳು ಸ್ಪರ್ಧೆ, ಏಳು ಚಿನ್ನ, ಏಳರಲ್ಲೂ ವಿಶ್ವದಾಖಲೆ. ಕೊನೆಯವನಾಗಿದ್ದ ಅದೇ 200 ಮೀಟರ್ ಬಟರ್‌ಫ್ಲೈಯನ್ನು 2 ನಿಮಿಷ 0.70 ಸೆಕೆಂಡಿನಲ್ಲಿ ಮುಗಿಸಿದ. ಆಗ ವಯಸ್ಸು 22. ಆ ಏಳನ್ನು ದಾಟಲು 2008ರಲ್ಲಿ ಅಮೆರಿಕದವನೇ ಆದ ಈಜುಗಾರ ಮೈಕಲ್ ಫೆಲ್ಪ್ಸ್ ಬರಬೇಕಾಯಿತು.

ಅಷ್ಟನ್ನೂ ಅವನು ಈಜಿದ್ದು ಬರಿಗಣ್ಣಲ್ಲಿ. ಒಲಿಂಪಿಕ್ಸ್ ಈಜಿನಲ್ಲಿ ಗಾಗಲ್ಸ್ ಬಂದಿದ್ದು 1976ರಲ್ಲಿ. ಹತ್ತು ಸುತ್ತಿಗೇ ಕಣ್ಣುಜ್ಜಿಕೊಂಡ ಮೇಲೆಯೇ ಅದೇನೆಂದು ನನಗೆ ಅರ್ಥವಾಗಿದ್ದು.

ನನ್ನ ಗಾಗಲ್ಸ್‌ಗೆ ಕೊರತೆಯೂ ಇದೆ. ಮಂಜು ಹಿಡಿಯದ ಲೇಪ ಎರಡೇ ತಿಂಗಳಿಗೆ ಹೋಯಿತು. ನಾನು ಒಳಗೆ ಬೆರಳಿಂದ ಒರೆಸಿದ್ದೂ ಕಾರಣ, ನೀವು ಹಾಗೆ ಮಾಡಬೇಡಿ. ಪಟ್ಟಿಯ ಕ್ಲಿಪ್ ಸ್ವಲ್ಪ ಜಾರುತ್ತದೆ, ವಾರಕ್ಕೊಮ್ಮೆ ಬಿಗಿ ಮಾಡಬೇಕು. ನಮ್ಮ ಮಳೆಗಾಲ ಗೊತ್ತಲ್ವಾ, ಒದ್ದೆ ಇದ್ದಾಗಲೇ ಡಬ್ಬಿಗೆ ಹಾಕಿದರೆ ಬೂಸಲು ಖಂಡಿತ. ನಾನು ಅಡುಗೆಮನೆಯಲ್ಲಿ ಒಲೆ ಹತ್ತಿರದ ಮೊಳೆಗೆ ನೇತು ಹಾಕುತ್ತೇನೆ.

ಮೊನ್ನೆ ತಂಗಿಯ ಮಗಳಿಗೂ ಒಂದು ತಂದೆ. ಮಕ್ಕಳ ಸೈಜ್ ಬೇರೆ ಇದೆ, ಕೇಳಿ ತಗೊಳ್ಳಿ.