ಗ್ರೀಸ್ ಹತ್ತಿದ ಮ್ಯಾನುಯಲ್‌ಗೆ ಎಷ್ಟು ಬೆಲೆ ಕಟ್ಟಬಹುದು?

ಹಳೇ ಕಾರಿನ ಫ್ಯಾಕ್ಟರಿ ರಿಪೇರಿ ಮ್ಯಾನುಯಲ್ ಕೈಗೆ ಬಂದಾಗ ಜನ ಎರಡು ಥರ ಯೋಚಿಸುತ್ತಾರೆ. ಮೂವತ್ತು ವರ್ಷ ಹಳೇ ಪುಸ್ತಕ, ಇನ್ನೆಲ್ಲೂ ಸಿಗಲ್ಲ, ಕೇಳಿದಷ್ಟು ಕೊಟ್ಟೇ ಕೊಡ್ತಾರೆ ಅನ್ನುವವರು ಕೆಲವರು. ಕಾರೇ ಮಾರಿಯಾಯ್ತು, ಈ ದಪ್ಪ ಪುಸ್ತಕ ಇಟ್ಕೊಂಡು ಏನ್ಮಾಡೋದು ಅಂತ ರದ್ದಿಗೆ ಹಾಕುವವರು ಉಳಿದವರು. ನಾನು ಈ ಮ್ಯಾನುಯಲ್‌ಗಳನ್ನು ಕೊಂಡು, ಬಳಸಿ, ಕಾರಿನ ಜೊತೆ ಸಂಬಂಧ ಮುಗಿದ ಮೇಲೆ ಮಾರುವವನು. ಈಗ ಮನೆಯಲ್ಲಿರುವುದು 1.6 ಲೀಟರ್ ಎಂಜಿನ್ನಿನ ಹಳೇ ಮಾಜ್ಡಾ ಮಿಯಾಟಾ, ಇಬ್ಬರು ಕೂರುವ ಪುಟ್ಟ ಸ್ಪೋರ್ಟ್ಸ್ ಕಾರು. ಅದಕ್ಕೂ ಮುಂಚೆ ತೊಂಬತ್ತರ ದಶಕದ ಒಂದು ಟೊಯೊಟಾ ಇತ್ತು. ಎರಡರ ಮ್ಯಾನುಯಲ್‌ಗಳನ್ನೂ ಸೆಕೆಂಡ್ ಹ್ಯಾಂಡ್ ಆಗಿಯೇ ಕೊಂಡಿದ್ದು. ಆ ಅನುಭವದ ಮೇಲೆ ಈ ವಿಮರ್ಶೆ.

ಮೊದಲು, ಯಾವ ಪುಸ್ತಕದ ಬಗ್ಗೆ ಹೇಳ್ತಿದ್ದೀನಿ ಅನ್ನೋದು ಸ್ಪಷ್ಟವಾಗಲಿ. ಕಾರಿನ ಜೊತೆ ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಬರುವ ಚಿಕ್ಕ ಪುಸ್ತಕ ಅಲ್ಲ. ಹೇಯ್ನ್ಸ್ ಥರದ ಹೊರಗಿನ ಪ್ರಕಾಶಕರದ್ದೂ ಅಲ್ಲ. ಹೇಯ್ನ್ಸ್ ಮ್ಯಾನುಯಲ್‌ಗಳು 1966ರಿಂದ ಬರುತ್ತಿವೆ. ಒಂದು ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿ ಬರೆದ ಪುಸ್ತಕಗಳು, ಮನೆಯಲ್ಲಿ ಕೆಲಸ ಕಲಿಯುವವರಿಗೆ ಚೆನ್ನಾಗಿವೆ. ಆದರೆ ಅಚ್ಚಾದ ಪ್ರತಿಗಳು ಲೆಕ್ಕವಿಲ್ಲದಷ್ಟು, ಹಾಗಾಗಿ ಮಾಮೂಲಿ ಕಾರಿನದ್ದಾದರೆ ಮರುಮಾರಾಟದಲ್ಲಿ ಏನೂ ಹುಟ್ಟಲ್ಲ. ಹೊಸ ಕಾರುಗಳಿಗೆ ಕಾಗದದ ಮ್ಯಾನುಯಲ್ ತರುವುದನ್ನು ನಿಲ್ಲಿಸುವುದಾಗಿ 2020ರಲ್ಲಿ ಆ ಕಂಪನಿ ಹೇಳಿತು. ಇನ್ನು ರೇಟು ಏರುತ್ತೆ ಅಂತ ಕೆಲವರು ಕೂಡಿಟ್ಟರು. ಹಳೇ ಪ್ರತಿಗಳು ಎಲ್ಲೆಲ್ಲೂ ಬಿದ್ದಿರುವಾಗ ಎಲ್ಲಿಂದ ಏರಬೇಕು?

ನಾನು ಹೇಳುತ್ತಿರುವುದು ಕಾರು ತಯಾರಿಸಿದ ಕಂಪನಿಯೇ ತನ್ನ ಡೀಲರ್‌ಗಳ ಮೆಕ್ಯಾನಿಕ್‌ಗಳಿಗಾಗಿ ಅಚ್ಚು ಹಾಕಿಸಿದ ಮ್ಯಾನುಯಲ್. ಅದರಲ್ಲಿ ಸ್ಪ್ಯಾನರ್ ಹಿಡಿಯುವುದು ಹೇಗೆ ಅಂತ ಹೇಳಿಕೊಡಲ್ಲ. ನಿಮಗೆ ಕೆಲಸ ಗೊತ್ತು ಅಂದುಕೊಂಡೇ ಬರೆದಿರುತ್ತಾರೆ. ಎಂಜಿನ್ನಿನ ಹೆಡ್ ಬೋಲ್ಟ್ ಯಾವ ಕ್ರಮದಲ್ಲಿ ಬಿಗಿಯಬೇಕು, ಮೊದಲು ಎಷ್ಟು ಟಾರ್ಕ್ (ತಿರುಗಿಸಿ ಬಿಗಿಯುವ ಬಲ), ಆಮೇಲೆ 90 ಡಿಗ್ರಿ ತಿರುವು, ಮತ್ತೊಮ್ಮೆ 90 ಡಿಗ್ರಿ, ಇಷ್ಟೇ. ಟೊಯೊಟಾ ಪುಸ್ತಕದಲ್ಲಿ ಒಂದೇ ಬೋಲ್ಟ್‌ಗೆ ನ್ಯೂಟನ್ ಮೀಟರ್, ಕೆಜಿ ಸೆಂಟಿಮೀಟರ್, ಪೌಂಡ್ ಅಡಿ ಮೂರರಲ್ಲೂ ಅಂಕಿ ಇರುತ್ತದೆ. ನಿಮ್ಮ ಟಾರ್ಕ್ ರೆಂಚ್ ಯಾವುದಾದರೂ ಸರಿ. ಬಳಕೆಯ ದೃಷ್ಟಿಯಿಂದ ಹೇಳೋದಾದರೆ ಇದಕ್ಕೆ ಪೂರ್ತಿ ಅಂಕ ಕೊಡ್ತೀನಿ. ತಕರಾರಿರುವುದು ಬೆಲೆಯ ವಿಷಯದಲ್ಲಿ.

ಪುಸ್ತಕಕ್ಕೆ ಎಷ್ಟು ವಯಸ್ಸಾಯ್ತು ಅನ್ನೋದನ್ನು ಯಾರೂ ಕೇಳಲ್ಲ. ಆ ಕಾರನ್ನು ಇವತ್ತಿಗೂ ಮಾಲೀಕರೇ ಬಿಚ್ಚಿ ರಿಪೇರಿ ಮಾಡ್ತಿದ್ದಾರಾ ಅನ್ನೋದೇ ರೇಟು ನಿರ್ಧರಿಸುತ್ತದೆ. ಟೊಯೊಟಾ ಸುಪ್ರಾ, ಹೋಂಡಾ ಎಸ್2000, ಮಿಯಾಟಾ, ಹಳೇ ಪೋರ್ಶೆ 911, ಇವನ್ನೆಲ್ಲ ಇಟ್ಟುಕೊಂಡವರು ಮಾರಲ್ಲ, ಸಾಯೋತನಕ ಬಿಚ್ಚಿ ಕಟ್ಟುತ್ತಿರುತ್ತಾರೆ. ಅವರಿಗೆ ಪುಸ್ತಕ ಬೇಕೇ ಬೇಕು. ಅದೇ ಕಾಲದ ಸಾಧಾರಣ ಫ್ಯಾಮಿಲಿ ಸೆಡಾನ್ ತಗೊಳ್ಳಿ. ಲಕ್ಷಗಟ್ಟಲೆ ಓಡಾಡಿದವು, ಈಗ ಬಹುಪಾಲು ಗುಜರಿ ಸೇರಿವೆ. ಕಾರೇ ಇಲ್ಲದ ಮೇಲೆ ಅದರ ಮ್ಯಾನುಯಲ್ ಯಾರಿಗೆ ಬೇಕು? ನನ್ನ ಹಳೇ ಟೊಯೊಟಾದ ಪುಸ್ತಕ ಮಾರಿದಾಗ ಕಳಿಸುವ ಖರ್ಚೇ ಪುಸ್ತಕದ ಬೆಲೆಯನ್ನು ಮುಟ್ಟಿತು. ಇಟ್ಟಿಗೆಯಷ್ಟು ತೂಕದ ಪುಸ್ತಕ, ಇನ್ನೇನಾಗುತ್ತೆ.

ಕಾಲಮಾನವೂ ಮುಖ್ಯ. ಕಾರ್ಬುರೇಟರ್ ಕಾಲದ ಕಾರುಗಳನ್ನು ಅನುಭವದ ಮೇಲೆಯೇ ರಿಪೇರಿ ಮಾಡುವವರಿದ್ದಾರೆ. ಇತ್ತೀಚಿನ ಕಾರುಗಳಿಗೆ ಕಾಗದದ ಮ್ಯಾನುಯಲ್ ಇಲ್ಲವೇ ಇಲ್ಲ ಅನ್ನಬಹುದು, ಎಲ್ಲ ಕಂಪನಿಯ ವೆಬ್‌ಸೈಟಿನಲ್ಲಿ, ಚಂದಾ ಕಟ್ಟಿ ನೋಡಬೇಕು. ನಡುವೆ ಒಂದು ಕಾಲ ಬಂದುಹೋಯ್ತು, ಹೆಚ್ಚುಕಮ್ಮಿ ಎಂಬತ್ತರ ದಶಕದ ನಡುವಿನಿಂದ 2000ದ ಆಚೀಚೆವರೆಗೆ. ಫ್ಯೂಯಲ್ ಇಂಜೆಕ್ಷನ್, ಸೆನ್ಸರ್‌ಗಳು, ಎಬಿಎಸ್ ಎಲ್ಲ ಬಂದು ಕಾರು ಜಟಿಲವಾಗಿತ್ತು. ಆದರೆ ಕಂಪನಿಗಳು ಇನ್ನೂ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದವು. ನಾನು ನೋಡಿದ ಮಟ್ಟಿಗೆ ಮರುಮಾರಾಟದಲ್ಲಿ ಗಟ್ಟಿಯಾಗಿ ನಿಲ್ಲುವುದು ಈ ಕಾಲದ ಪುಸ್ತಕಗಳೇ.

ಅದರಲ್ಲೂ ವೈರಿಂಗ್ ಪುಸ್ತಕ. ಎಷ್ಟೋ ಜನಕ್ಕೆ ಇದು ಬೇರೆಯೇ ಸಂಪುಟ ಅನ್ನೋದೇ ಗೊತ್ತಿರಲ್ಲ. ಟೊಯೊಟಾ ಎಲೆಕ್ಟ್ರಿಕಲ್ ವೈರಿಂಗ್ ಡಯಾಗ್ರಾಂ ಅಂತ ಪ್ರತ್ಯೇಕ ಪುಸ್ತಕ ಹಾಕುತ್ತಿತ್ತು. ಫೋರ್ಡ್ ಎಲೆಕ್ಟ್ರಿಕಲ್ ಮತ್ತು ವ್ಯಾಕ್ಯೂಮ್ ದೋಷ ಹುಡುಕಲು ಬೇರೆ ಮ್ಯಾನುಯಲ್ ಕೊಡುತ್ತಿತ್ತು. ಎಂಜಿನ್ ಬಿಚ್ಚುವುದನ್ನು ವಿಡಿಯೋ ನೋಡಿ ಹೇಗೋ ಮಾಡಬಹುದು. ಆದರೆ ಯಾವ ಕನೆಕ್ಟರಿನ ಯಾವ ಪಿನ್ನಿಗೆ ಯಾವ ಬಣ್ಣದ ವೈರು, ಅದು ಎಲ್ಲಿ ಅರ್ಥ್ ಆಗುತ್ತದೆ ಅನ್ನೋದನ್ನು ಊಹೆ ಮಾಡಲಾಗಲ್ಲ. ಸರಾಸರಿ ಕಾರಿನದ್ದಾದರೂ ವೈರಿಂಗ್ ಪುಸ್ತಕಕ್ಕೆ ಗಿರಾಕಿ ಬರುತ್ತಾರೆ. ತೆಳ್ಳಗಿದೆ ಅಂತ ಅದನ್ನು ದಪ್ಪ ಪುಸ್ತಕದ ಜೊತೆ ಸುಮ್ನೆ ಸೇರಿಸಿ ಕೊಟ್ಟುಬಿಡುವವರನ್ನು ನೋಡಿದ್ದೀನಿ. ಕೊಳ್ಳುವವನಾಗಿ ನನಗೆ ಖುಷಿಯೇ.

ಮಾಡೆಲ್ ವರ್ಷ ಸರಿಯಿಲ್ಲದಿದ್ದರೆ ಪುಸ್ತಕದ ಅರ್ಧ ಉಪಯೋಗ ಹೋಯ್ತು. ಅಮೆರಿಕದಲ್ಲಿ ಮಿಯಾಟಾ 1993ರವರೆಗೆ 1.6 ಲೀಟರ್, 1994ರಿಂದ 1.8. ಹೊರಗಿನಿಂದ ನೋಡಿದರೆ ಅದೇ ಕಾರು. ಇನ್ನೂ ದೊಡ್ಡ ಗೆರೆ 1996. ಆ ಮಾಡೆಲ್ ವರ್ಷದಿಂದ ಅಲ್ಲಿ ಮಾರುವ ಕಾರುಗಳಿಗೆಲ್ಲ ಒಬಿಡಿ-2, ಅಂದರೆ ಕಾರು ತನ್ನ ದೋಷಗಳನ್ನು ಒಂದೇ ಮಾದರಿಯ ಕೋಡ್‌ಗಳಲ್ಲಿ ಹೇಳುವ ವ್ಯವಸ್ಥೆ, ಕಡ್ಡಾಯವಾಯ್ತು. ಅದಕ್ಕೂ ಮುಂಚಿನ ಟೊಯೊಟಾಗಳಲ್ಲಿ ಬಾನೆಟ್ ಕೆಳಗಿನ ಡಯಾಗ್ನಾಸಿಸ್ ಡಬ್ಬಿಯಲ್ಲಿ ಟಿಇ1, ಇ1 ಅನ್ನುವ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಚೆಕ್ ಎಂಜಿನ್ ದೀಪ ಎಷ್ಟು ಸಲ ಮಿನುಗುತ್ತೆ ಅಂತ ಎಣಿಸಬೇಕಿತ್ತು. ಆ ಎಣಿಕೆಗೆ ಅರ್ಥ ಇರುವುದು ಪುಸ್ತಕದಲ್ಲಿ. 1996ರ ನಂತರ ಸ್ಕ್ಯಾನರ್ ಚುಚ್ಚಿದರೆ ಪಿ0300 ಥರದ ಕೋಡ್ ಬರುತ್ತದೆ. ಎರಡೂ ಬೇರೆ ಲೋಕ. ಹಾಗಾಗಿ 1995ರ ಪುಸ್ತಕವನ್ನು "1996ಕ್ಕೂ ಆಗುತ್ತೆ" ಅಂತ ಮಾರುವವರ ಹತ್ತಿರ ನಾನು ವ್ಯವಹಾರ ಮಾಡಲ್ಲ.

ಇದೇ ಸಾಲಿನಲ್ಲಿ ಸಪ್ಲಿಮೆಂಟ್ ಅನ್ನೋ ತಲೆನೋವು. ಕೆಲವು ಕಂಪನಿಗಳು ಮೊದಲ ವರ್ಷ ಪೂರ್ತಿ ಪುಸ್ತಕ ಹಾಕಿ, ನಂತರದ ವರ್ಷಗಳಲ್ಲಿ ಬದಲಾದದ್ದನ್ನು ಮಾತ್ರ ತೆಳ್ಳಗಿನ ಸಪ್ಲಿಮೆಂಟ್‌ನಲ್ಲಿ ಕೊಡುತ್ತಿದ್ದವು. ಮೂಲ ಪುಸ್ತಕ ಇಲ್ಲದೆ ಅದೊಂದೇ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಹೊದಿಕೆಯ ಮೇಲಿನ ಪ್ರಕಟಣೆ ನಂಬರ್ ನೋಡಿಯೇ ಕೊಳ್ಳಬೇಕು. ಟೊಯೊಟಾ ರಿಪೇರಿ ಮ್ಯಾನುಯಲ್‌ನ ನಂಬರ್ ಆರ್‌ಎಂ ಅಂತ ಶುರುವಾಗುತ್ತದೆ, ಕೊನೆಯಲ್ಲಿ ಯು ಇದ್ದರೆ ಅದು ಉತ್ತರ ಅಮೆರಿಕದ ಕಾರಿನದ್ದು. ನಿಮ್ಮ ಕಾರು ಬೇರೆ ದೇಶಕ್ಕೆ ಮಾಡಿದ್ದಾದರೆ ಎಂಜಿನ್ನು, ಸ್ಟೀರಿಂಗ್ ಇರುವ ಬದಿ, ವೈರಿಂಗ್ ಎಲ್ಲ ಬದಲಾಗಬಹುದು.

ಗ್ರೀಸ್ ಕಲೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಾರುವವರು ಅದಕ್ಕೆ ಹೆದರಿ ಬೆಲೆ ಇಳಿಸುತ್ತಾರೆ, ಕೊಳ್ಳುವವರೂ ಮೂಗು ಮುರಿಯುತ್ತಾರೆ. ಕಪಾಟಿನಲ್ಲಿ ಇಡಲು ಕೊಳ್ಳುವವರಿಗೆ ಸ್ವಚ್ಛ ಪ್ರತಿ ಬೇಕು, ಅವರು ಜಾಸ್ತಿ ಕೊಡಲಿ. ನನಗೆ ಕಲೆಯಾದ ಪುಸ್ತಕವೇ ಇಷ್ಟ. ಯಾವ ಪುಟ ಜಾಸ್ತಿ ಕಪ್ಪಾಗಿದೆ ನೋಡಿದರೆ ಆ ಕಾರು ಎಲ್ಲಿ ಕೈಕೊಡುತ್ತೆ ಅಂತ ಗೊತ್ತಾಗಿಬಿಡುತ್ತದೆ. ಅಂಚಿನಲ್ಲಿ ಹಳೇ ಮೆಕ್ಯಾನಿಕ್ ಪೆನ್ಸಿಲ್‌ನಲ್ಲಿ ಗೀಚಿದ್ದಿದ್ದರೆ ಇನ್ನೂ ಒಳ್ಳೇದು. ಆದರೆ ಹಾಳೆ ಹೋಗಿದ್ದರೆ ಅದಕ್ಕೆ ಕ್ಷಮೆ ಇಲ್ಲ. ಒಬ್ಬ ಮಾರಾಟಗಾರ "ಸಂಪೂರ್ಣ ಪ್ರತಿ" ಅಂತ ಹೇಳಿ ಕಳಿಸಿದ್ದರಲ್ಲಿ ಕ್ಲಚ್ ಅಧ್ಯಾಯದ ಮಡಚುವ ಚಿತ್ರವೇ ಇರಲಿಲ್ಲ. ಯಾರೋ ಕಿತ್ತು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದಿರಬೇಕು. ಕೇಳಿದರೆ ಉತ್ತರವೇ ಇಲ್ಲ. ಉಂಗುರದ ಫೈಲಿನಲ್ಲಿ ಬಿಡಿ ಹಾಳೆಗಳಾಗಿ ಬರುವ ಸೆಟ್‌ಗಳಲ್ಲಿ, ಪೋರ್ಶೆಯ ಹಳೇ ಸೆಟ್‌ಗಳಂಥವುಗಳಲ್ಲಿ, ಈ ಅಪಾಯ ಇನ್ನೂ ಜಾಸ್ತಿ. ಹೊಸ ಹಾಳೆ ಬಂದಾಗ ಸೇರಿಸುವ ವ್ಯವಸ್ಥೆ ಅದು. ಸೇರಿಸಿದ್ದಾರೋ ಇಲ್ಲವೋ ಅನ್ನೋದು ಹಿಂದಿನ ಮಾಲೀಕನ ಶಿಸ್ತಿಗೆ ಬಿಟ್ಟಿದ್ದು.

ಸ್ಕ್ಯಾನ್ ಮಾಡಿದ ಪಿಡಿಎಫ್ ಸಿಗುವಾಗ ಕಾಗದ ಯಾಕೆ ಅಂತೀರಾ? ಹಕ್ಕಿಲ್ಲದೆ ಹಂಚುವ ಪ್ರತಿಗಳ ಮಾತು ಹಾಗಿರಲಿ. ಕಾರಿನ ಕೆಳಗೆ ಮಲಗಿ, ಎಣ್ಣೆ ಕೈಯಲ್ಲಿ ಫೋನ್ ಪರದೆ ಹಿಗ್ಗಿಸಿ ವೈರಿಂಗ್ ಚಿತ್ರದ ಗೆರೆ ಹಿಡಿದು ಹೋಗಿ ನೋಡಿ, ಗೊತ್ತಾಗುತ್ತೆ. ಆದರೂ ಪಿಡಿಎಫ್ ಬಂದ ಮೇಲೆ ಸಾಧಾರಣ ಪ್ರತಿಗಳ ಬೆಲೆ ಬಿದ್ದಿದೆ ಅನ್ನೋದು ನಿಜ. ಕೆಲವು ಕ್ಲಾಸಿಕ್ ಕಾರುಗಳ ಮ್ಯಾನುಯಲ್‌ಗಳ ಮರುಮುದ್ರಣವೂ ಸಿಗುತ್ತದೆ. ಆಗ ಮೂಲ ಪ್ರತಿಗೆ ಜಾಸ್ತಿ ಕೊಡುವವನು ಸಂಗ್ರಹಕಾರ ಮಾತ್ರ.

ಕೊಳ್ಳುವವರಿಗೆ ನನ್ನ ಶಿಫಾರಸು ನೇರ: ನಿಮ್ಮ ಹತ್ತಿರ ಆ ಕಾರು ಇದ್ದರೆ ಇವತ್ತೇ ಕೊಳ್ಳಿ, ನಾಳೆ ದುಡ್ಡಾಗುತ್ತೆ ಅಂತ ಮಾತ್ರ ಕೊಳ್ಳಬೇಡಿ. ಮಾರುವವರು ಸೆಟ್ ಒಡೆಯಬೇಡಿ. ಎರಡು ಮೂರು ಸಂಪುಟ ಇದ್ದರೆ ಒಟ್ಟಿಗೇ ಕೊಡಿ. ಹೊದಿಕೆ, ಪ್ರಕಟಣೆ ನಂಬರ್, ವಿಷಯಸೂಚಿ ಮತ್ತು ಕೊನೆಯ ಪುಟದ ಫೋಟೋ ಹಾಕಿ. ಅತಿ ಕೊಳಕಾದ ಪುಟದ್ದೂ ಒಂದು ಹಾಕಿ, ನನ್ನಂಥವರು ಮೊದಲು ನೋಡೋದು ಅದನ್ನೇ.